ಟ್ಯಾಬಿನ ಗಾಜು ಒಡೆದಾಗ ಗೃಹಸ್ಥರು ಏನು ಮಾಡಬೇಕು?

ನಾವು ಮಠದಲ್ಲಿದ್ದು ಅಕ್ಷರಾಭ್ಯಾಸ ಮಾಡುತ್ತಿದ್ದ ಕಾಲದಲ್ಲಿ ನಮ್ಮ ಕೈಯಲ್ಲಿದ್ದುದು ಕಟ್ಟಿಗೆಯ ಚೌಕಟ್ಟಿನ ಕಲ್ಲಿನ ಪಾಟಿ. ಅದು ಕೈಜಾರಿ ಬಿದ್ದು ಎರಡು ಹೋಳಾದರೆ ದೊಡ್ಡ ಹೋಳು ಒಬ್ಬನಿಗೆ, ಸಣ್ಣ ಹೋಳು ಇನ್ನೊಬ್ಬನಿಗೆ ಸಲ್ಲುತ್ತಿತ್ತು. ಪಾಠ ಮಾತ್ರ ನಿಲ್ಲುತ್ತಿರಲಿಲ್ಲ. ಇಂದಿನ ಮಕ್ಕಳ ಕೈಯಲ್ಲಿರುವ ಪಾಟಿಗೆ ಟ್ಯಾಬ್ಲೆಟ್ ಎಂದು ಹೆಸರು. ಆ ಶಬ್ದ ಕಿವಿಗೆ ಬಿದ್ದೊಡನೆ ನಮ್ಮ ವಯಸ್ಸಿನವರಿಗೆ ಔಷಧದ ಗುಳಿಗೆ ನೆನಪಾಗುವುದು ಸಹಜ. ಆದರೆ 2020ರ ಮಾರ್ಚಿನಲ್ಲಿ ಕೊರೋನಾ ಕಾರಣದಿಂದ ಶಾಲೆಗಳು ಮುಚ್ಚಿದ ಮೇಲೆ ಈ ಉಪಕರಣವು ಮಧ್ಯಮ ವರ್ಗದ ಮನೆಗಳಲ್ಲಿಯೂ ಪಠ್ಯಪುಸ್ತಕದ ಪಕ್ಕದಲ್ಲಿ ಸ್ಥಾನ ಪಡೆಯಿತು. ಪಾಟಿ ಒಡೆದರೆ ನಷ್ಟ ಅಲ್ಪ. ಟ್ಯಾಬ್ ಒಡೆದರೆ ತಿಂಗಳ ಸಂಸಾರದ ಲೆಕ್ಕವೇ ಏರುಪೇರಾಗುತ್ತದೆ. ಆದ್ದರಿಂದ ಈ ವಿಷಯವನ್ನು ಕುರಿತು ನಾಲ್ಕು ಮಾತು ಬರೆಯುವುದು ಅಪ್ರಸ್ತುತವಾಗಲಾರದೆಂದು ನಾವು ಭಾವಿಸಿದ್ದೇವೆ.

ನಮ್ಮ ಮನೆಯಲ್ಲಿ ನಡೆದುದು

2025ರ ಜನವರಿಯ ಮಾತು. ದ್ವಿತೀಯ ಪಿ.ಯು.ಸಿ. ವಿಜ್ಞಾನ ಓದುತ್ತಿದ್ದ ನಮ್ಮ ಮೊಮ್ಮಗಳು ಬಲಗೈಯ ಬೆರಳಿಗೆ ಬಟ್ಟೆ ಸುತ್ತಿಕೊಂಡು ಓಡಾಡುತ್ತಿದ್ದಳು. ಕೇಳಿದರೆ ಈಳಿಗೆ ತಾಗಿತೆಂದಳು. ಮೂರನೆಯ ದಿನ ಅವಳಾಗಿಯೇ ಬಂದು, ಸೆರಗಿನ ಮರೆಯಲ್ಲಿ ಹಿಡಿದಿದ್ದ ಟ್ಯಾಬನ್ನು ನಮ್ಮ ಮುಂದಿಟ್ಟು, "ಅಜ್ಜಾ, ಅಪ್ಪಗ ಹೇಳಬ್ಯಾಡ್ರಿ" ಎಂದು ಕಣ್ಣೀರು ತೆಗೆದಳು. ಮಾಳಿಗೆಯ ಮೆಟ್ಟಿಲ ಮೇಲಿಂದ ಬಿದ್ದು ಗಾಜಿನ ಒಂದು ಮೂಲೆ ಜೇಡರ ಬಲೆಯಂತೆ ಬಿರಿದಿತ್ತು. ಅದೇ ಗಾಜಿನ ಚೂರು ಅವಳ ಬೆರಳನ್ನೂ ಸೀಳಿತ್ತು. "ಮೊದಲ ಬೆರಳು ತೊಳಕೋ ಯವ್ವಾ, ಆಮ್ಯಾಲೆ ಅದನ್ನ ನೋಡೋಣು" ಎಂದೆವು.

ಅವಳ ತಂದೆಯದು ಸಣ್ಣ ಕಿರಾಣಿ ಅಂಗಡಿ. 2023ರಲ್ಲಿ ಹದಿನಾಲ್ಕು ಸಾವಿರ ರೂಪಾಯಿ ಕೂಡಿಸಿ ಆ ಟ್ಯಾಬನ್ನು ಕೊಡಿಸಿದ್ದರು. ಉಪನ್ಯಾಸಕರು ಕಳುಹಿಸಿದ ಟಿಪ್ಪಣಿಗಳು, ಹಳೆಯ ಪ್ರಶ್ನೆಪತ್ರಿಕೆಗಳು, ವೀಡಿಯೋ ಪಾಠಗಳು ಎಲ್ಲವೂ ಅದರೊಳಗಿದ್ದವು. ಪರೀಕ್ಷೆ ಮಾರ್ಚ್ ತಿಂಗಳಲ್ಲಿ. ಕಂಪನಿಯ ಅಧಿಕೃತ ದುರಸ್ತಿ ಕೇಂದ್ರಕ್ಕೆ ಒಯ್ದಾಗ ಏಳು ಸಾವಿರದ ಎಂಟುನೂರು ರೂಪಾಯಿಯ ಅಂದಾಜು ಕೊಟ್ಟರು. ಹತ್ತು ದಿನ ಬಿಟ್ಟುಹೋಗಬೇಕೆಂದರು. ಒಳಗಿನ ಮಾಹಿತಿ ಅಳಿದರೆ ತಾವು ಹೊಣೆಯಲ್ಲವೆಂಬ ಕಾಗದಕ್ಕೆ ಸಹಿ ಬೇಡಿದರು. ನಾವು ಸಹಿ ಮಾಡದೆ ಹಿಂದಿರುಗಿದೆವು. ಆ ಬಳಿಕ ಈ ಉಪಕರಣದ ಮರ್ಮವನ್ನು ಬಲ್ಲವರಿಂದ ಕೇಳಿ ತಿಳಿದುಕೊಂಡೆವು. ಹಾಗೆ ತಿಳಿದುದನ್ನೇ ಇಲ್ಲಿ ನಿವೇದಿಸುತ್ತಿದ್ದೇವೆ.

ಒಡೆದದ್ದು ಯಾವುದು?

ನಾವು ಪರದೆ ಎಂದು ಕರೆಯುವುದು ವಾಸ್ತವವಾಗಿ ಒಂದೇ ವಸ್ತುವಲ್ಲ. ಮೇಲಿನದು ರಕ್ಷಣೆಯ ಗಾಜು. ಅದಕ್ಕೆ ಅಂಟಿಕೊಂಡು ಸ್ಪರ್ಶವನ್ನು ಗ್ರಹಿಸುವ ಪಾರದರ್ಶಕ ಪದರವಿರುತ್ತದೆ. ಬೆರಳು ವಿದ್ಯುತ್ ವಾಹಕವಾದುದರಿಂದ ಅದು ತಾಗಿದ ಸ್ಥಳದಲ್ಲಿ ವಿದ್ಯುದಾವೇಶವು ವ್ಯತ್ಯಾಸಗೊಳ್ಳುತ್ತದೆ. ಆ ವ್ಯತ್ಯಾಸದಿಂದಲೇ ಯಂತ್ರವು ನಮ್ಮ ಆಜ್ಞೆಯನ್ನು ಅರಿಯುತ್ತದೆ. ಇವೆರಡರ ಕೆಳಗೆ ಚಿತ್ರ ಮೂಡಿಸುವ ಪ್ಯಾನೆಲ್ ಇದೆ. ಈ ಮೂರರಲ್ಲಿ ಯಾವುದು ಕೆಟ್ಟಿದೆ ಎಂಬುದರ ಮೇಲೆ ವೆಚ್ಚವು ನಿರ್ಧಾರವಾಗುತ್ತದೆ.

ಪರೀಕ್ಷಿಸುವ ಕ್ರಮ ಸುಲಭ. ಪೂರ್ತಿ ಬಿಳಿಯಾದ ಒಂದು ಚಿತ್ರವನ್ನೂ ಪೂರ್ತಿ ಕಪ್ಪಾದ ಒಂದು ಚಿತ್ರವನ್ನೂ ತೆರೆದು ನೋಡಬೇಕು. ಮಸಿ ಚೆಲ್ಲಿದಂತೆ ಕಲೆಗಳು, ಬಣ್ಣದ ಗೆರೆಗಳು ಕಂಡರೆ ಪ್ಯಾನೆಲ್ಲಿಗೆ ಪೆಟ್ಟಾಗಿದೆ ಎಂದರ್ಥ. ಅನಂತರ ಚಿತ್ರ ಬಿಡಿಸುವ ಆ್ಯಪ್ ತೆರೆದು, ಮೇಲೆ ತೆಳು ಪ್ಲಾಸ್ಟಿಕ್ ಹಾಳೆಯನ್ನು ಹಾಸಿಕೊಂಡು, ಅಂಚಿನಿಂದ ಅಂಚಿಗೆ ಬೆರಳಾಡಿಸಬೇಕು. ಗೆರೆ ಎಲ್ಲಿ ತುಂಡಾಗುವುದೋ ಅಲ್ಲಿ ಸ್ಪರ್ಶದ ಪದರ ಕೆಟ್ಟಿದೆ. ಮುಟ್ಟದೆಯೇ ತಾನಾಗಿ ಏನೇನೋ ತೆರೆದುಕೊಳ್ಳುವುದೂ ಅದೇ ದೋಷದ ಲಕ್ಷಣ. ಎರಡೂ ಸರಿಯಿದ್ದರೆ ಒಡೆದದ್ದು ಬರಿಯ ಗಾಜು. ಅವಸರ ಪಡುವ ಕಾರಣವಿಲ್ಲ.

ಇಲ್ಲಿ ಇನ್ನೊಂದು ಮಾತನ್ನು ಸ್ಪಷ್ಟಪಡಿಸಬೇಕು. ಕೆಲವು ಟ್ಯಾಬುಗಳಲ್ಲಿ ಗಾಜು ಮತ್ತು ಪ್ಯಾನೆಲ್ ನಡುವೆ ತೆಳುವಾದ ಅಂತರವಿದ್ದು ಗಾಜನ್ನು ಮಾತ್ರ ಬದಲಿಸಬಹುದು, ಖರ್ಚು ಕಡಿಮೆ. ಮತ್ತೆ ಕೆಲವುಗಳಲ್ಲಿ ಎರಡನ್ನೂ ಅಂಟಿನಿಂದ ಬೆಸೆದಿರುತ್ತಾರೆ; ಆಗ ಇಡೀ ಜೋಡಣೆಯನ್ನೇ ಬದಲಿಸುವುದು ರೂಢಿ. ಆ್ಯಪಲ್ ಕಂಪನಿಯ ಐಪ್ಯಾಡುಗಳನ್ನೇ ನೋಡೋಣ. 2014ರ ಐಪ್ಯಾಡ್ ಏರ್ 2 ಬೆಸೆದ ಮಾದರಿಯದು. ಅದಕ್ಕಿಂತ ಏಳು ವರ್ಷ ತಡವಾಗಿ, 2021ರಲ್ಲಿ ಬಂದ ಒಂಬತ್ತನೆಯ ತಲೆಮಾರಿನ ಸಾಮಾನ್ಯ ಐಪ್ಯಾಡಿನಲ್ಲಿ ಗಾಜು ಬೇರೆ, ಪ್ಯಾನೆಲ್ ಬೇರೆ. ಹೀಗಾಗಿ ಬೆಲೆ ಕಡಿಮೆಯಾದ ಉಪಕರಣದ ದುರಸ್ತಿಯೇ ಕೆಲವೊಮ್ಮೆ ಸುಲಭವಾಗುತ್ತದೆ.

ಮೊದಲ ದಿನ ಮಾಡಬೇಕಾದುದು

ಮೊದಲನೆಯದು ಕೈ ಮತ್ತು ಕಣ್ಣಿನ ರಕ್ಷಣೆ. ಸಡಿಲವಾದ ಚೂರುಗಳನ್ನು ಅಂಟುಪಟ್ಟಿಯಿಂದ ಒತ್ತಿ ತೆಗೆಯಬೇಕು. ಬಾಯಿಂದ ಊದಬಾರದು, ಬೆರಳಿನಿಂದ ಸವರಬಾರದು. ಅನಂತರ ಪಾರದರ್ಶಕವಾದ ಅಗಲ ಟೇಪನ್ನಾಗಲಿ, ಪರದೆಗೆ ಹಚ್ಚುವ ರಕ್ಷಾಹಾಳೆಯನ್ನಾಗಲಿ ಅಂಟಿಸಬೇಕು. ಬಿರುಕು ಇದರಿಂದ ಕೂಡಿಕೊಳ್ಳುವುದಿಲ್ಲ. ಚೂರು ಉದುರದಂತೆ, ತೇವ ಸುಲಭವಾಗಿ ಒಳಹೋಗದಂತೆ ತಡೆಯುತ್ತದೆ. ಒದ್ದೆ ಕೈ ತಾಗದಂತೆ, ಅಡುಗೆಮನೆಯ ಹಬೆ ಬಡಿಯದಂತೆ ನೋಡಿಕೊಳ್ಳಬೇಕು.

ಎರಡನೆಯದು ಮಾಹಿತಿಯ ರಕ್ಷಣೆ. ಪರದೆ ಇಂದು ಕೆಲಸ ಮಾಡುತ್ತಿದ್ದರೂ ನಾಳೆ ಮಾಡೀತೆಂಬ ಭರವಸೆಯಿಲ್ಲ. ಟಿಪ್ಪಣಿ, ಚಿತ್ರ, ಕಾಗದಪತ್ರಗಳನ್ನು ಅದೇ ದಿನ ಮೆಮೊರಿ ಕಾರ್ಡಿಗೋ ಪೆನ್‌ಡ್ರೈವಿಗೋ ಗೂಗಲ್ ಡ್ರೈವಿಗೋ ನಕಲು ಮಾಡಿಕೊಳ್ಳಬೇಕು. ಪರದೆ ಪೂರ್ತಿ ಕೈಕೊಟ್ಟ ಮೇಲೆ ಬೀಗಮುದ್ರೆ ತೆರೆಯುವುದೇ ಕಷ್ಟ. ಅದು ತೆರೆಯದಿದ್ದರೆ ಕಂಪ್ಯೂಟರಿಗೆ ತಂತಿ ಜೋಡಿಸಿದರೂ ಸಾಮಾನ್ಯವಾಗಿ ಒಳಗಿನ ಕಡತಗಳು ಕಾಣುವುದಿಲ್ಲ.

ಇನ್ನು ಹಲ್ಲುಜ್ಜುವ ಪೇಸ್ಟು, ಅಡುಗೆ ಸೋಡಾ, ಮೊಟ್ಟೆಯ ಲೋಳೆ, ಎಣ್ಣೆ ಇವುಗಳಿಂದ ಬಿರುಕು ಮಾಯವಾಗುವುದೆಂಬ ಮಾತು ಹಬ್ಬಿದೆ. ಇವುಗಳಲ್ಲಿ ಯಾವುದೂ ಒಡೆದ ಗಾಜನ್ನು ಕೂಡಿಸಲಾರದು. ಪೇಸ್ಟು ತಿಕ್ಕಿದರೆ ಉಳಿದ ಗಾಜಿಗೂ ಗೀರು ಬೀಳುತ್ತದೆ. ದ್ರವ ಒಳಸೇರಿದರೆ ಸರಿಯಿದ್ದ ಪದರವೂ ಕೆಡುತ್ತದೆ. ಎಣ್ಣೆಯಿಂದ ಬಿರುಕು ಕೆಲಕಾಲ ಕಣ್ಣಿಗೆ ಮರೆಯಾಗಬಹುದು, ಅಷ್ಟೇ.

ಇನ್ನೂರೈವತ್ತು ರೂಪಾಯಿಯ ಉಪಾಯ

ಟೇಪು ಅಂಟಿಸಿಕೊಂಡು ಪರೀಕ್ಷೆಯವರೆಗೆ ಸಾಗಿಸೋಣವೆಂದು ನಾವು ನಿಶ್ಚಯಿಸಿದೆವು. ಫೆಬ್ರವರಿಯ ಎರಡನೆಯ ವಾರದಲ್ಲಿ ಪರದೆಯ ಕೆಳಭಾಗದ ಒಂದು ಪಟ್ಟಿ ಬೆರಳಿನ ಮಾತು ಕೇಳದಾಯಿತು. ಆಗ ಪರಿಚಿತ ತರುಣನೊಬ್ಬನು ಎರಡು ಉಪಾಯ ಹೇಳಿಕೊಟ್ಟನು. ಒಂದು, ಟ್ಯಾಬನ್ನು ಅಡ್ಡಲಾಗಿ ಅಥವಾ ತಲೆಕೆಳಗಾಗಿ ತಿರುಗಿಸುವುದು. ಚಿತ್ರವೂ ತಿರುಗುವುದರಿಂದ ಬೇಕಾದ ಗುಂಡಿಯು ಸರಿಯಿರುವ ಭಾಗಕ್ಕೆ ಬರುತ್ತದೆ. ಇದಕ್ಕೆ ಕಾಸಿನ ಖರ್ಚಿಲ್ಲ. ಎರಡನೆಯದು, ಕಂಪ್ಯೂಟರಿನ ಮೌಸನ್ನೇ ಟ್ಯಾಬಿಗೆ ಜೋಡಿಸುವುದು. ಆಂಡ್ರಾಯ್ಡ್ ವ್ಯವಸ್ಥೆಯ ಬಹುತೇಕ ಟ್ಯಾಬುಗಳು ಓಟಿಜಿ ಎಂಬ ಚಿಕ್ಕ ಜೋಡುತಂತಿಯ ಮೂಲಕ ಮೌಸನ್ನು ಸ್ವೀಕರಿಸುತ್ತವೆ. ಪರದೆಯ ಮೇಲೆ ಬಾಣದ ಗುರುತು ಮೂಡುತ್ತದೆ. ಐಪ್ಯಾಡುಗಳಿಗೂ 2020ರ ಮಾರ್ಚಿನಲ್ಲಿ ಬಂದ ಐಪ್ಯಾಡ್ ಓಎಸ್ 13.4ರಿಂದ ಮೌಸ್ ಸೌಕರ್ಯ ಪೂರ್ಣಪ್ರಮಾಣದಲ್ಲಿ ದೊರೆತಿದೆ.

ಮೌಸಿಗೆ ಇನ್ನೂರೈವತ್ತು, ತಂತಿಗೆ ಅರವತ್ತು ರೂಪಾಯಿ ಕೊಟ್ಟೆವು. ಅದರಿಂದಲೇ ಮಗಳ ಓದು ಪರೀಕ್ಷೆಯವರೆಗೆ ನಡೆಯಿತು. ಚಿತ್ರ ಕಾಣುತ್ತಿದ್ದು ಸ್ಪರ್ಶ ಮಾತ್ರ ಸತ್ತಿರುವ ಟ್ಯಾಬಿನಿಂದ ಮಾಹಿತಿಯನ್ನು ಹೊರತೆಗೆಯಲೂ ಇದೇ ಮಾರ್ಗ ಉಪಯುಕ್ತ.

ದುರಸ್ತಿಗೆ ಕೊಡುವಾಗ

ಪರೀಕ್ಷೆ ಮುಗಿದ ಮೇಲೆ, ಏಪ್ರಿಲ್‌ನಲ್ಲಿ, ತಾಲ್ಲೂಕು ಕೇಂದ್ರದ ಒಂದು ಸಣ್ಣ ದುರಸ್ತಿ ಅಂಗಡಿಗೆ ಹೋದೆವು. ನಮ್ಮದು ಬೆಸೆದ ಮಾದರಿಯಾದ್ದರಿಂದ ಜೋಡಣೆಯನ್ನೇ ಬದಲಿಸಬೇಕೆಂದು ಹೇಳಿ, ನಾಲ್ಕು ಸಾವಿರದ ಇನ್ನೂರು ರೂಪಾಯಿ ಕೇಳಿದರು. ನಾವು ನಾಲ್ಕು ಪ್ರಶ್ನೆ ಹಾಕಿದೆವು: ಬಿಡಿಭಾಗ ಕಂಪನಿಯದೋ, ಅನ್ಯರು ತಯಾರಿಸಿದ್ದೋ? ಎಷ್ಟು ದಿನದ ಖಾತರಿ? ರಸೀದಿ ಕೊಡುವಿರೋ? ತೆಗೆದ ಹಳೆಯ ಭಾಗವನ್ನು ತೋರಿಸುವಿರೋ? ಭಾಗ ಕಂಪನಿಯದಲ್ಲ, ಬೆಳಕು ತುಸು ಮಂದವಿದ್ದೀತು, ತೊಂಬತ್ತು ದಿನದ ಖಾತರಿ ಬರೆದುಕೊಡುವೆ ಎಂದು ಆತನು ಮುಚ್ಚುಮರೆಯಿಲ್ಲದೆ ಹೇಳಿದನು. ಆತನು ಹೇಳಿದಂತೆಯೇ ಆಯಿತು. ಬೆಳಕು ಸ್ವಲ್ಪ ಮಂದ, ಕೆಲಸ ಪೂರ್ತಿ. ತನ್ನ ಕಾಯಕವನ್ನು ಹೀಗೆ ಸತ್ಯದಿಂದ ಮಾಡುವವನಿಗೆ ಹಣ ಕೊಡುವಾಗ ಮನಸ್ಸು ನೋಯುವುದಿಲ್ಲ.

ಬೆಂಗಳೂರಿನಲ್ಲಿರುವವರಿಗೆ ಸಾದರ ಪತ್ರಪ್ಪ ರಸ್ತೆ, ಅಂದರೆ ಎಸ್.ಪಿ. ರೋಡಿನ ಅಂಗಡಿಗಳು ಪರಿಚಿತ. ಅಲ್ಲಿ ಮೂರು ಕಡೆ ಬೆಲೆ ಕೇಳಿ ಹೋಲಿಸುವುದು ವಿವೇಕ. ಎಲ್ಲಿಯೇ ಕೊಡಲಿ, ಟ್ಯಾಬಿನ ನಿಖರವಾದ ಮಾದರಿ ಸಂಖ್ಯೆಯನ್ನು ಬರೆದುಕೊಂಡು ಹೋಗಬೇಕು. ಖಾಸಗಿ ಚಿತ್ರಗಳನ್ನೂ ಬ್ಯಾಂಕಿನ ಆ್ಯಪನ್ನೂ ತೆಗೆದುಹಾಕಬೇಕು. ಖಾತರಿಯ ಅವಧಿ ಇನ್ನೂ ಇದ್ದರೆ ಹೊರಗಿನ ಅಂಗಡಿಯಲ್ಲಿ ಬಿಚ್ಚಿಸುವುದರಿಂದ ಅದಕ್ಕೆ ಬಾಧಕವಾಗಬಹುದೆಂಬುದನ್ನೂ ಯೋಚಿಸಬೇಕು. ಸಾಮಾನ್ಯ ಖಾತರಿಯು ಬಿದ್ದು ಒಡೆದ ಗಾಜಿಗೆ ಅನ್ವಯಿಸುವುದಿಲ್ಲ. ಅದಕ್ಕೆ ಬೇರೆಯಾಗಿ ಹಣ ತೆತ್ತು ಆಕಸ್ಮಿಕ ಹಾನಿಯ ರಕ್ಷಣೆ ಕೊಂಡಿದ್ದೀರೋ ಎಂದು ಹಳೆಯ ಬಿಲ್ಲನ್ನು ಒಮ್ಮೆ ನೋಡಿರಿ. ಒಡೆದ ಮೇಲೆ ಕೊಂಡರೆ ಫಲವಿಲ್ಲ.

ರಸೀದಿಯನ್ನು ಸಂಕೋಚವಿಲ್ಲದೆ ಕೇಳಿ ಪಡೆಯಬೇಕು. 2020ರ ಜುಲೈನಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ರಸೀದಿ ಕೊಡದಿರುವುದನ್ನು ಅನುಚಿತ ವ್ಯಾಪಾರ ಪದ್ಧತಿಗಳಲ್ಲಿ ಸೇರಿಸಿದೆ. ತಕರಾರಿದ್ದರೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಬಹುದು. 2022ರ ಡಿಸೆಂಬರ್‌ನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು ದುರಸ್ತಿಯ ಹಕ್ಕಿಗೆ ಸಂಬಂಧಿಸಿದ ಜಾಲತಾಣವನ್ನೂ ಆರಂಭಿಸಿತು. ಬಿಡಿಭಾಗ, ದುರಸ್ತಿ, ಖಾತರಿಗಳ ಕುರಿತ ಮಾಹಿತಿಯನ್ನು ಒಂದೆಡೆ ಕೊಡುವುದು ಅದರ ಉದ್ದೇಶ.

ತಾವೇ ಬಿಚ್ಚಬಹುದೆ?

ಬಿಡಿಭಾಗವನ್ನು ಅಂಚೆಯಲ್ಲಿ ತರಿಸಿ ಮನೆಯಲ್ಲಿಯೇ ಹಾಕಿದರೆ ಕೂಲಿ ಉಳಿಯುತ್ತದೆ, ನಿಜ. ಆದರೆ ಟ್ಯಾಬಿನ ಗಾಜನ್ನು ಸಾಮಾನ್ಯವಾಗಿ ಅಂಟಿನಿಂದ ಕೂಡಿಸಿರುತ್ತಾರೆ. ಅದನ್ನು ಹದವಾಗಿ ಕಾಯಿಸಿ, ತೆಳುವಾದ ಪ್ಲಾಸ್ಟಿಕ್ ಪಟ್ಟಿಯಿಂದ ಬಿಡಿಸಬೇಕು. ಒಳಗೆ ಕಾಗದದಷ್ಟು ತೆಳುವಾದ ತಂತಿಪಟ್ಟಿಗಳಿವೆ. ಲಿಥಿಯಂ ಬ್ಯಾಟರಿ ಇದೆ. ಮೊನೆಯಾದ ಉಪಕರಣ ತಾಗಿ ಬ್ಯಾಟರಿಗೆ ತೂತಾದರೆ ಬೆಂಕಿ ಹತ್ತುವ ಅಪಾಯವುಂಟು. ಕೈ ಪಳಗದವರು ಈ ಸಾಹಸಕ್ಕೆ ಇಳಿಯದಿರುವುದೇ ಕ್ಷೇಮ. ಪೆಟ್ಟು ಬಿದ್ದ ಟ್ಯಾಬಿನ ಬೆನ್ನು ಉಬ್ಬಿದ್ದರೆ ಚಾರ್ಜಿಗೆ ಹಾಕದೆ ಬಲ್ಲವರಿಗೆ ತೋರಿಸಬೇಕು.

ದುರಸ್ತಿಯೋ, ಹೊಸದೋ?

ನಮ್ಮ ಅಭಿಪ್ರಾಯದಲ್ಲಿ, ಅಂಥದೇ ಟ್ಯಾಬಿನ ಇಂದಿನ ಬೆಲೆಯ ಅರ್ಧಕ್ಕಿಂತ ದುರಸ್ತಿಯ ವೆಚ್ಚ ಕಡಿಮೆಯಿದ್ದರೆ ದುರಸ್ತಿಯೇ ಲೇಸು. ಅದಕ್ಕಿಂತ ಹೆಚ್ಚಾಗಿ, ಬ್ಯಾಟರಿಯೂ ಕ್ಷೀಣಿಸಿ, ಕಂಪನಿಯ ಸುರಕ್ಷತಾ ಪರಿಷ್ಕರಣೆಗಳೂ ನಿಂತಿದ್ದರೆ ಆ ಹಣವನ್ನು ಬೇರೆ ಟ್ಯಾಬಿಗೆ ಸೇರಿಸುವುದು ಉಚಿತ. ನವೀಕರಿಸಿದ ಹಳೆಯ ಟ್ಯಾಬನ್ನು ಖಾತರಿಪತ್ರದೊಡನೆ ಕೊಳ್ಳುವುದು ನಡುವಿನ ದಾರಿ. ಶಾಲಾ ಪಠ್ಯಪುಸ್ತಕಗಳಲ್ಲಿ ಅಚ್ಚಾದ ಕ್ಯೂಆರ್ ಗುರುತಿನ ಮೂಲಕ ತೆರೆಯುವ, 2017ರಲ್ಲಿ ಆರಂಭವಾದ ದೀಕ್ಷಾ ವೇದಿಕೆಯ ಪಾಠಗಳನ್ನು ಮನೆಯ ಮೊಬೈಲಿನಲ್ಲಿಯೂ ನೋಡಬಹುದು. ಆದ್ದರಿಂದ ಸಾಲ ಮಾಡಿ ಮರುದಿನವೇ ಹೊಸದನ್ನು ತರುವ ಅಗತ್ಯ ಎಲ್ಲರಿಗೂ ಬರುವುದಿಲ್ಲ. ಕೈಬಿಟ್ಟ ಟ್ಯಾಬನ್ನು ತಿಪ್ಪೆಗೆ ಎಸೆಯಬಾರದು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ವಿದ್ಯುನ್ಮಾನ ತ್ಯಾಜ್ಯ ನಿಯಮಗಳ ಪ್ರಕಾರ ಅದನ್ನು ನೋಂದಾಯಿತ ಮರುಬಳಕೆದಾರರ ಕೈಗೆ ಸೇರಿಸುವ ವ್ಯವಸ್ಥೆ ಇದೆ.

ಹೊಸ ಗಾಜು ಹಾಕಿಸಿದ ದಿನವೇ ಮೂಲೆಗಳು ದಪ್ಪವಿರುವ ರಬ್ಬರಿನ ಕವಚವನ್ನೂ ಗಟ್ಟಿ ಗಾಜಿನ ರಕ್ಷಾಹಾಳೆಯನ್ನೂ ಹಾಕಿಸಿದೆವು. ಬಿದ್ದಾಗ ಪೆಟ್ಟು ಮೊದಲು ತಾಗುವುದು ಮೂಲೆಗೇ. ಪುಸ್ತಕದ ಚೀಲದಲ್ಲಿ ಅದರ ಮೇಲೆ ಭಾರ ಹೇರಬಾರದು, ಹಾಸಿಗೆಯ ಮೇಲೆ ಬಿಟ್ಟು ಮಲಗಬಾರದು ಎಂಬೆರಡು ನಿಯಮ ನಮ್ಮ ಮನೆಯಲ್ಲೀಗ ಎಲ್ಲರಿಗೂ ಅನ್ವಯ.

ಕೊನೆಯಲ್ಲಿ ಹಿರಿಯರಿಗೆ ಒಂದು ಅರಿಕೆ. ಆ ಹುಡುಗಿಯು ಮೂರು ದಿನ ನೋವು ನುಂಗಿಕೊಂಡು, ಒಡೆದ ಗಾಜಿನ ಮೇಲೆಯೇ ಬೆರಳಾಡಿಸುತ್ತ ಓದಿದ್ದು ನಮ್ಮೆಲ್ಲರ ಬೈಗುಳಿಗೆ ಅಂಜಿ. ಅವಳ ತಂದೆಗೆ ವಿಷಯ ತಿಳಿಸಿದವರು ನಾವೇ. ಆತನು ಒಂದು ಕ್ಷಣ ಸುಮ್ಮನಿದ್ದು, "ಕೈಗೆ ಭಾಳ ಹತ್ತೇತೇನು?" ಎಂದಷ್ಟೇ ಕೇಳಿದನು. ಆ ರಾತ್ರಿ ಮಗಳು ತಂದೆಯ ಪಕ್ಕದಲ್ಲಿಯೇ ಕುಳಿತು, ಟೇಪು ಅಂಟಿಸಿದ ಟ್ಯಾಬಿನಲ್ಲಿ ಹನ್ನೊಂದರವರೆಗೆ ಓದಿದಳು.