ಗುಂಡುಗಲ್ಲಿನ ಗುಡ್ಡ, ಮಸಾರಿಯ ಬಣ್ಣ

ಗಂಗಾವತಿ ಕಡೆಯ ಶಾಲೆಯೊಂದರಲ್ಲಿ ಗುಡ್ಡದ ಚಿತ್ರ ಬರೆಯಲು ಹೇಳಿ ನೋಡಿ. ಬಹಳಷ್ಟು ಹಾಳೆಗಳಲ್ಲಿ ಎರಡು ತ್ರಿಕೋನ, ನಡುವೆ ಅರ್ಧ ಸೂರ್ಯ, ಕೆಳಗೊಂದು ಹೊಳೆ, ದಂಡೆಗೊಂದು ತೆಂಗಿನಮರ ಮೂಡುತ್ತವೆ. ಕಿಟಕಿಯಾಚೆಯ ಗುಡ್ಡಕ್ಕೆ ಅಂಥ ಚೂಪು ತುದಿಯೇ ಇಲ್ಲ. ಆನೆಗೊಂದಿ, ಅಂಜನಾದ್ರಿಯ ಸುತ್ತ ಕಾಣುವುದೆಲ್ಲ ಒಂದರ ಮೇಲೊಂದು ಕೂತ ಗುಂಡುಗಲ್ಲು. ದಿನಾ ನೋಡುವ ಗುಡ್ಡವನ್ನು ಬಿಟ್ಟು ಮಗು ಎಲ್ಲೂ ನೋಡದ ಗುಡ್ಡವನ್ನು ಬರೆಯುತ್ತದೆ. ಅದು ಮಗುವಿನ ತಪ್ಪಲ್ಲ. ನಾವು ಕೈಗೆ ಕಲಿಸಿದೆವು, ಕಣ್ಣಿಗೆ ಕಲಿಸಲಿಲ್ಲ.

ಆದ್ದರಿಂದ ಮೊದಲ ಪಾಠ ಬಯಲಿನಲ್ಲೇ ಆಗಲಿ. ಈ ಕಲ್ಲು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್. ಬಂಡೆಯ ಬಿರುಕಿಗೆ ನೀರು ಇಳಿದಾಗ ಮಟ್ಟಸ ಮುಖ ಒಂದೇ ಕಡೆಯಿಂದ ಸವೆಯುತ್ತದೆ, ಅಂಚು ಎರಡು ಕಡೆಯಿಂದ, ಮೂಲೆ ಮೂರು ಕಡೆಯಿಂದ. ಹೀಗೆ ಮೂಲೆಗಳು ಬೇಗ ಕರಗಿ ಚೌಕದ ಬಂಡೆ ಗುಂಡಾಗುತ್ತದೆ. ಇಷ್ಟು ತಿಳಿದ ಮಗು ಕಲ್ಲಿಗೆ ಬರಿಯ ಸುತ್ತುಗೆರೆ ಎಳೆದು ಸುಮ್ಮನಾಗುವುದಿಲ್ಲ. ಬಿರುಕು ಎಲ್ಲಿಂದ ಎಲ್ಲಿಗೆ ಹೋಗಿದೆ, ಮೇಲಿನ ಕಲ್ಲು ಕೆಳಗಿನದರ ಮೇಲೆ ಎಲ್ಲಿ ಭಾರ ಊರಿದೆ ಎಂದು ಹುಡುಕುತ್ತದೆ. ಬೆಳಗಿನ ಓರೆ ಬಿಸಿಲಿನಲ್ಲಿ ಕೂರಿಸಿ. ನೆತ್ತಿಯ ಮೇಲಿನ ಬಿಸಿಲಿಗೆ ನೆರಳು ಕುಗ್ಗಿ, ಕಲ್ಲಿನ ಉಬ್ಬು ಮಾಯವಾಗುತ್ತದೆ.

ಕುಷ್ಟಗಿ, ಯಲಬುರ್ಗಾ ಕಡೆಯ ಮಕ್ಕಳಿಗೆ ಕುರಿ ಹಿಂಡೇ ಮಾದರಿ. ಆಡಿನ ಬಾಲ ಮೇಲೆದ್ದಿರುತ್ತದೆ, ಕುರಿಯ ಬಾಲ ಜೋತುಬಿದ್ದಿರುತ್ತದೆ ಎಂಬುದು ಅಲ್ಲಿನ ಮಕ್ಕಳಿಗೆ ಮೇಷ್ಟ್ರಿಗಿಂತ ಚೆನ್ನಾಗಿ ಗೊತ್ತು. ಆ ಅರಿವನ್ನು ಹಾಳೆಗೆ ಇಳಿಸುವುದಷ್ಟೇ ಕೆಲಸ. ಪ್ರಾಣಿ ನಿಂತಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಮೊದಲು ಬೆನ್ನಿನ ಗೆರೆ, ಆಮೇಲೆ ಕೊರಳು, ಕಾಲು. ಕಣ್ಣು, ಉಣ್ಣೆ ಕೊನೆಗೆ. ರಬ್ಬರು ಚೀಲದಲ್ಲೇ ಇರಲಿ. ಅಳಿಸುತ್ತ ಕೂತರೆ ಆಡು ಹೊಲ ದಾಟಿರುತ್ತದೆ!

ಹೀಗೆ ಕಂಡದ್ದನ್ನು ಕೆಲವೇ ಗೆರೆಗಳಲ್ಲಿ ಹಿಡಿಯುವ ವಿದ್ಯೆ ಈ ನೆಲಕ್ಕೆ ಹೊಸದಲ್ಲ. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನ ಮೋರೇರ ಗುಡ್ಡ ಶಿಲಾಸಮಾಧಿಗಳಿಗೆ ಹೆಸರಾದದ್ದು. ಆ ಪರಿಸರದ ಕಲ್ಲಾಸರೆಗಳಲ್ಲಿ ಪ್ರಾಣಿಗಳು, ಬೇಟೆ, ಕುಣಿಯುವ ಜನ ಕೆಂಪು ಗೆರೆಗಳಲ್ಲಿ ಇಂದಿಗೂ ಉಳಿದಿದ್ದಾರೆ. ಆ ಕೆಂಪು ಕಾವಿಮಣ್ಣಿನದು, ಅಂದರೆ ಕಬ್ಬಿಣದ ಆಕ್ಸೈಡ್. ಬಿಸಿಲಿಗೆ ಹೂವಿನ ಬಣ್ಣ ಮಾಸುವ ಹಾಗೆ ಇದು ಮಾಸುವುದಿಲ್ಲ. ಮಕ್ಕಳನ್ನು ಕರೆದೊಯ್ದರೆ ದೂರ ನಿಂತೇ ನೋಡಲಿ. ಮುಟ್ಟುವುದು, ನೀರು ಚಿಮುಕಿಸುವುದು, ಮೇಲೆ ಹೆಸರು ಕೆತ್ತುವುದು ಖಂಡಿತ ಕೂಡದು.

ನಮ್ಮ ಮಸಾರಿ ಮಣ್ಣಿನ ಕೆಂಪೂ ಕಬ್ಬಿಣದ ಆಕ್ಸೈಡಿನದೇ. ಎರೆ ಮಣ್ಣು ಕಪ್ಪುಗಂದು ಕೊಡುತ್ತದೆ, ಒಲೆಯ ಇದ್ದಿಲು ಕಡುಗಪ್ಪು. ಮಣ್ಣನ್ನು ನೀರಲ್ಲಿ ಕದಡಿ ಒಂದು ಗಳಿಗೆ ಬಿಟ್ಟರೆ ಮರಳು ತಳಕ್ಕಿಳಿಯುತ್ತದೆ. ಮೇಲಿನ ರಾಡಿಯನ್ನು ಬಸಿದು ತಿಳಿಯಾಗಲು ಬಿಟ್ಟರೆ ಅಡಿಯಲ್ಲಿ ನಿಲ್ಲುವ ನಯವಾದ ಮಣ್ಣೇ ಬಣ್ಣ. ಆದರೆ ಬರಿಯ ಮಣ್ಣು ಒಣಗಿದ ಮೇಲೆ ಹಾಳೆಯಿಂದ ಉದುರುತ್ತದೆ, ಅಂಟು ಬೇಕು. ಕೊಪ್ಪಳ ತಾಲ್ಲೂಕಿನ ಕಿನ್ನಾಳದ ಚಿತ್ರಗಾರರು ಮರದ ಬೊಂಬೆಗಳ ಕೆಲಸದಲ್ಲಿ ಹುಣಸೆಬೀಜದ ಅಂಟು ಬಳಸುತ್ತ ಬಂದಿದ್ದಾರೆ. ಶಾಲೆಗೂ ಅದೇ ಸಾಕು: ಬೀಜ ನೆನೆಸಿ, ಸಿಪ್ಪೆ ತೆಗೆದು, ಅರೆದು, ನೀರು ಸೇರಿಸಿ ಕುದಿಸಿದರೆ ಗಂಜಿಯಂಥ ಅಂಟು ಸಿಗುತ್ತದೆ. ಒಲೆಯ ಹತ್ತಿರ ದೊಡ್ಡವರೇ ಇರಲಿ. ಎರಡು ದಿನಕ್ಕೆ ಹಳಸುವುದರಿಂದ ಬೇಕಾದಷ್ಟೇ ಮಾಡಿ. ಹಸಿಯಿದ್ದಾಗ ಗಾಢವಾಗಿ ಕಾಣುವ ಮಣ್ಣು ಒಣಗಿದರೆ ತಿಳಿಯಾಗುತ್ತದೆ; ತುಂಡು ಕಾಗದದ ಮೇಲೆ ಬಳಿದು, ಒಣಗಿಸಿ ನೋಡಿ, ಆಮೇಲೆ ಗುಡ್ಡಕ್ಕೆ ಬಣ್ಣ ಹಚ್ಚಲಿ.