ಮರದ ಅಚ್ಚಿನಿಂದ ಓವನ್‌ವರೆಗೆ: ಸಂಕ್ರಾಂತಿಯ ಸಿಹಿತಿನಿಸುಗಳು

ಜನವರಿ ಬಂತೆಂದರೆ ಪುಣೆಯ ಕಿರಾಣಿ ಅಂಗಡಿಗಳಲ್ಲಿ ಬಿಳಿ ಎಳ್ಳು, ಚಿಕ್ಕಿ ಬೆಲ್ಲ, ತಿಳಗುಳದ ಪೊಟ್ಟಣಗಳು ತುಂಬಿಕೊಳ್ಳುತ್ತವೆ. ಹಿಂಜವಾಡಿಯಲ್ಲಿ ನೆಲೆಸಿರುವ ನಮ್ಮಂತಹ ಕನ್ನಡ ಕುಟುಂಬಗಳಿಗೆ ಎಳ್ಳು-ಬೆಲ್ಲದ ಸಾಮಗ್ರಿಗೆ ಕೊರತೆಯೇನಿಲ್ಲ. ನನಗೆ ಇಲ್ಲಿನ ಅಂಗಡಿಗಳಲ್ಲಿ ದೊರೆಯದೆ ಹೋದದ್ದು ಒಂದೇ: ನಮ್ಮ ಕಡೆಯ ಸಕ್ಕರೆ ಅಚ್ಚು.

ನನ್ನ ತವರು ಹಾಸನ, ಸೇರಿದ ಮನೆ ಧಾರವಾಡದ್ದು. ತಾಯಿಯವರು ತೀರಿಕೊಂಡ ಮೇಲೆ ಅವರ ಮರದ ಅಚ್ಚುಗಳು ನನ್ನ ಪಾಲಿಗೆ ಬಂದವು. ಗಿಳಿ, ಮೀನು, ತುಳಸಿಕಟ್ಟೆ, ಹೀಗೆ ಹತ್ತಾರು ಆಕಾರಗಳು. ಎರಡು ವರ್ಷ ಅವು ಅಟ್ಟದ ಮೇಲೆಯೇ ಉಳಿದವು. ಪುಣೆಯಲ್ಲೇ ಹುಟ್ಟಿದ ಮೊಮ್ಮಗಳು ಅವನ್ನು ಕಂಡು, "ಅಜ್ಜಿ, ಇದು ಯಾವ ಆಟದ ಸಾಮಾನು?" ಎಂದು ಕೇಳಿದಳು. ಈಗ ನಾನು ಮಾಡಿ ತೋರಿಸದಿದ್ದರೆ ಮುಂದೆ ತೋರಿಸುವವರು ನಮ್ಮ ಮನೆಯಲ್ಲಿ ಯಾರೂ ಇರುವುದಿಲ್ಲವೆಂಬುದು ಆಗ ಮನಸ್ಸಿಗೆ ನಾಟಿತು.

ಸಕ್ಕರೆ ಅಚ್ಚು

ಅಚ್ಚುಗಳನ್ನು ಒಂದೆರಡು ಗಂಟೆ ನೀರಿನಲ್ಲಿ ನೆನೆಸಿ, ಒರೆಸಿ, ಎರಡು ಹೋಳುಗಳನ್ನು ಜೋಡಿಸಿ ದಾರದಿಂದ ಬಿಗಿಯಬೇಕು. ಒದ್ದೆಯಾದ ಮರಕ್ಕೆ ಪಾಕ ಅಂಟುವುದಿಲ್ಲ. ಅರ್ಧ ಕಿಲೋ ಸಕ್ಕರೆಗೆ ಅದು ಮುಳುಗುವಷ್ಟು ಮಾತ್ರ ನೀರು ಹಾಕಿ ಕುದಿಸಿ, ಎರಡು ಚಮಚ ಹಾಲು ಬೆರೆಸಿದರೆ ಕಶ್ಮಲವೆಲ್ಲ ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆದು ಪಾಕವನ್ನು ತೆಳುಬಟ್ಟೆಯಲ್ಲಿ ಸೋಸಬೇಕು. ಅನಂತರ ಒಂದು ಸಲಕ್ಕೆ ಒಂದೆರಡು ಸೌಟಿನಷ್ಟನ್ನೇ ಚಿಕ್ಕ ಪಾತ್ರೆಯಲ್ಲಿ ಕಾಯಿಸಿ, ಪಾಕ ಗಟ್ಟಿಯಾಗುತ್ತ ಬಂದಾಗ ಒಲೆಯಿಂದಿಳಿಸಿ, ಹಾಲಿನಂತೆ ಬೆಳ್ಳಗಾಗುವವರೆಗೆ ರಭಸದಿಂದ ತಿರುವಿ, ತಕ್ಷಣವೇ ಅಚ್ಚಿಗೆ ಸುರಿಯಬೇಕು. ಹತ್ತು ನಿಮಿಷದಲ್ಲಿ ಗಿಳಿ ಸಿದ್ಧ.

ಹೀಗೆ ತಿರುವುವುದೇಕೆ? ಬಿಸಿನೀರು ತಣ್ಣೀರಿಗಿಂತ ಹೆಚ್ಚು ಸಕ್ಕರೆಯನ್ನು ಕರಗಿಸಿಕೊಳ್ಳುತ್ತದೆ. ಪಾಕ ಆರುವಾಗ ಹೆಚ್ಚುವರಿ ಸಕ್ಕರೆ ಹರಳಾಗಿ ಹೊರಬರಲೇಬೇಕು. ಅಲುಗಿಸದೆ ಬಿಟ್ಟರೆ ಕಲ್ಲುಸಕ್ಕರೆಯಂತಹ ದೊಡ್ಡ ಹರಳುಗಳಾಗುತ್ತವೆ. ತಿರುವಿದರೆ ಅಸಂಖ್ಯಾತ ಸಣ್ಣ ಹರಳುಗಳು ಏಕಕಾಲಕ್ಕೆ ಹುಟ್ಟಿ ಅಚ್ಚು ನುಣುಪಾಗಿಯೂ ಬೆಳ್ಳಗಾಗಿಯೂ ಬರುತ್ತದೆ.

ನನ್ನ ಮೊದಲ ಪ್ರಯತ್ನ ಕೆಟ್ಟಿತು. ಬಿಳುಪು ಹೆಚ್ಚಲೆಂದು ಅರ್ಧ ನಿಂಬೆಹಣ್ಣು ಹಿಂಡಿದ್ದೆ. ಪಾಕ ಗಟ್ಟಿಯಾಗಲೇ ಇಲ್ಲ. ಹುಳಿಯು ಸಕ್ಕರೆಯ ಒಂದಂಶವನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಇವು ಹರಳುಗಟ್ಟುವುದನ್ನು ತಡೆಯುತ್ತವೆ. ಜಾಮೂನಿನ ಪಾಕಕ್ಕೆ ನಾವು ನಿಂಬೆರಸ ಹಾಕುವುದು ಇದೇ ಕಾರಣಕ್ಕೆ. ಅಲ್ಲಿನ ಉಪಾಯ ಇಲ್ಲಿ ಅಪಾಯ.

ಕುಸುರೆಳ್ಳು

ಧಾರವಾಡ, ಬೆಳಗಾವಿಗಳ ಕುಸುರೆಳ್ಳು ಮಹಾರಾಷ್ಟ್ರದವರಿಗೆ 'ಹಲವಾ'. ಎಳ್ಳನ್ನು ಸಣ್ಣ ಉರಿಯ ಮೇಲಿಟ್ಟು, ಸ್ವಲ್ಪಸ್ವಲ್ಪವೇ ಪಾಕ ಹನಿಸುತ್ತ ಕೈಯಾಡಿಸಿದರೆ ಪದರ ಪದರವಾಗಿ ಸಕ್ಕರೆ ಕೂತು ಮುಳ್ಳುಮುಳ್ಳಾಗುತ್ತದೆ. ಇದಕ್ಕೆ ಹಲವು ಗಂಟೆಗಳ ತಾಳ್ಮೆ ಬೇಕು. ಇದನ್ನು ಪೋಣಿಸಿ ಮಾಡಿದ ಆಭರಣಗಳನ್ನು ಇಲ್ಲಿ ಹೊಸ ಮದುಮಗಳಿಗೂ ಎಳೆಯ ಮಕ್ಕಳಿಗೂ ಕಪ್ಪು ಬಟ್ಟೆಯ ಮೇಲೆ ತೊಡಿಸುತ್ತಾರೆ. ಮಕ್ಕಳ ತಲೆಯ ಮೇಲೆ ಬೋರೆಹಣ್ಣು ಸುರಿಯುವ ಇವರ 'ಬೋರನಹಾಣ' ನಮ್ಮ ಎಲಚಿಹಣ್ಣು ಎರೆಯುವ ಸಂಪ್ರದಾಯದ ಸೋದರಿಯೇ ಸರಿ.

ಓವನ್‌ನಲ್ಲಿ ಎಳ್ಳಿನ ಬಿಸ್ಕತ್ತು

ಕುದಿಯುವ ಪಾಕದ ಬಳಿ ಮಕ್ಕಳನ್ನು ಬಿಡಲಾಗದು. ಅವರಿಗಾಗಿ ನಾವು ಕಂಡುಕೊಂಡ ಉಪಾಯವಿದು. 200 ಗ್ರಾಂ ಗೋಧಿ ಹಿಟ್ಟು, 100 ಗ್ರಾಂ ಬೆಣ್ಣೆ, 80 ಗ್ರಾಂ ಬೆಲ್ಲದ ಪುಡಿ, 40 ಗ್ರಾಂ ಹುರಿದು ಪುಡಿಮಾಡಿದ ಎಳ್ಳು ಹಾಗೂ ಏಲಕ್ಕಿಯನ್ನು ಎರಡು ಮೂರು ಚಮಚ ಹಾಲಿನಲ್ಲಿ ಕಲಸಿ. ಅದೇ ಅಚ್ಚಿನ ಒಂದು ಹೋಳಿಗೆ ಹಿಟ್ಟು ಉದುರಿಸಿ, ಕಣಕವನ್ನು ಒತ್ತಿ ತೆಗೆಯಿರಿ. ಸಕ್ಕರೆಗೆ ಅಚ್ಚು ಒದ್ದೆಯಿರಬೇಕು, ಬಿಸ್ಕತ್ತಿಗೆ ಒಣಗಿರಬೇಕು. ಬೇಕಿಂಗ್ ಪೌಡರ್ ಬೇಡ. ಉಬ್ಬಿದರೆ ಗಿಳಿಯ ಗೆರೆಗಳು ಅಳಿಸಿಹೋಗುತ್ತವೆ. ಅರ್ಧ ಗಂಟೆ ಫ್ರಿಜ್ಜಿನಲ್ಲಿರಿಸಿ, ಮೊದಲೇ ಕಾಯಿಸಿದ ಓವನ್‌ನಲ್ಲಿ 170 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಸುಮಾರು 15 ನಿಮಿಷ ಬೇಯಿಸಿ. ಮರದ ಅಚ್ಚಿನಲ್ಲಿ ಬಿಸ್ಕತ್ತು ಒತ್ತುವುದು ಹೊಸತೇನಲ್ಲ. ಜರ್ಮನಿಯಲ್ಲಿ ಕ್ರಿಸ್‌ಮಸ್‌ಗೆ ಮಾಡುವ 'ಸ್ಪ್ರಿಂಗರ್‌ಲೆ' ಇದೇ ಬಗೆಯದು.

ಸಂಕ್ರಾಂತಿಯಂದು ಇಲ್ಲಿ ಸಾಮಾನ್ಯವಾಗಿ ಬ್ಯಾಂಕಿಗೆ ರಜೆಯಿರುವುದಿಲ್ಲವಾದ್ದರಿಂದ ಇವೆಲ್ಲ ಹಿಂದಿನ ಭಾನುವಾರವೇ ನಡೆಯುತ್ತವೆ. ಕಳೆದ ಬಾರಿ ತುಳಸಿಕಟ್ಟೆಯ ಅಚ್ಚು ಬಿಡಿಸುವಾಗ ಅದರ ಮೇಲ್ತುದಿ ಮುರಿಯಿತು. ತಾಯಿಯವರ ಕಾಲದಲ್ಲಿ ಮುರಿದ ಅಚ್ಚುಗಳೆಲ್ಲ ಮಕ್ಕಳ ಪಾಲು. ಮೊಮ್ಮಗಳು ಯಾರೂ ಹೇಳಿಕೊಡದೆಯೇ ಆ ತುಂಡನ್ನು ಬಾಯಿಗೆ ಹಾಕಿಕೊಂಡಳು. ಮರುದಿನ ತಟ್ಟೆ ಹಿಡಿದು ನೆರೆಮನೆಗೆ ಹೋದಾಗ "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ" ಎಂದಳು. ಆ ಮನೆಯ ಅಜ್ಜಿ "ತಿಳಗುಳ ಘ್ಯಾ, ಗೋಡ ಬೋಲಾ" ಎಂದು ತಿಳಗುಳ ಕೊಟ್ಟು ಕಳುಹಿಸಿದರು.

ನಿಮ್ಮ ಅಟ್ಟದ ಮೇಲೂ ಹಳೆಯ ಅಚ್ಚುಗಳಿರಬಹುದು. ಈ ಸಂಕ್ರಾಂತಿಗೆ ಅವನ್ನು ಕೆಳಗಿಳಿಸಿ.