ಕಳಚಿಡಬಲ್ಲ ಮನೆ, ಉಳಿಯಬೇಕಾದ ಜೀಪು

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ತೋಟಗಳಲ್ಲಿ ಹಳೆಯ ಜೀಪು ಇನ್ನೂ ದುಡಿಯುತ್ತಲೇ ಇದೆ. ಕೊಯ್ಲಿನ ದಿನಗಳಲ್ಲಿ ಹಣ್ಣಿನ ಮೂಟೆಗಳನ್ನು ಪಲ್ಪರ್ ಮನೆಗೆ ತರುವುದು, ಗೊಬ್ಬರ, ಪೈಪು, ಪಂಪ್‌ಸೆಟ್ಟು ಹೊತ್ತು ತೋಟದ ಏರು ಹತ್ತುವುದು, ಮಳೆಗಾಲದಲ್ಲಿ ಬೇರೆ ಗಾಡಿ ಮುಟ್ಟಲಾಗದ ಮನೆಯಿಂದ ಕಾಯಿಲೆಯವರನ್ನು ಪೇಟೆಗೆ ಸೇರಿಸುವುದು ಎಲ್ಲವೂ ಅದರ ಪಾಲಿನ ಕೆಲಸ. ಇಂಥದೊಂದು ಜೀಪನ್ನು ಕೊಂಡು, ಸರಿಮಾಡಿಸಿ, ಹಿಂಬದಿಯಲ್ಲಿ ಮಲಗುವ ಏರ್ಪಾಡು ಮಾಡಿಕೊಂಡು ಬೆಟ್ಟ ಸುತ್ತಬೇಕೆಂಬ ಆಸೆ ಈಗ ಹಲವರಲ್ಲಿದೆ. ಆಸೆ ಒಳ್ಳೆಯದೇ. ಗುಜರಿಗೆ ಹೋಗಬೇಕಿದ್ದ ಗಾಡಿಗೆ ಅದರಿಂದ ಇನ್ನೊಂದು ಆಯುಷ್ಯ ಸಿಗುತ್ತದೆ. ಆದರೆ ಚಾಸಿಗೆ ಕಬ್ಬಿಣ ಬೆಸೆದು ಅದರ ಮೇಲೊಂದು ಕೋಣೆ ಕಟ್ಟಿದರೆ ಜೀಪೂ ಕೆಡುತ್ತದೆ, ಪ್ರಯಾಣವೂ ಕೆಡುತ್ತದೆ. ಈ ಬೆಟ್ಟಗಳಲ್ಲಿ ಹಳೆಯ ಜೀಪಿನ ಮೇಲೆ ಮನೆ ಹೂಡುವುದಾದರೆ ಅದು ಹಗುರಾಗಿರಬೇಕು, ಬೇಕೆಂದಾಗ ಕಳಚಿಡುವಂತಿರಬೇಕು. ಗಾಡಿಯ ಚರಿತ್ರೆ, ಅದರ ತಾಕತ್ತು, ಘಟ್ಟದ ರಸ್ತೆ, ಮಲೆನಾಡಿನ ಮಳೆ, ದೇಶದ ಕಾನೂನು ಇವೆಲ್ಲವೂ ಈ ಒಂದೇ ಮಾತಿಗೆ ಸಾಕ್ಷಿ ನುಡಿಯುತ್ತವೆ.

ಮೊದಲು ಚರಿತ್ರೆ. ಎರಡನೆಯ ಮಹಾಯುದ್ಧಕ್ಕೆಂದು 1941ರಿಂದ 1945ರವರೆಗೆ ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಾರ್ಖಾನೆಗಳು ಆರು ಲಕ್ಷಕ್ಕೂ ಹೆಚ್ಚು ಜೀಪು ತಯಾರಿಸಿದವು. ಯುದ್ಧ ಮುಗಿದ ಮೇಲೆ ಭಾರತದಲ್ಲಿ ಉಳಿದ ಸೇನಾ ಜೀಪುಗಳು ವಿಲೇವಾರಿಯಲ್ಲಿ ಖಾಸಗಿಯವರ ಕೈಸೇರಿದವು. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಕಂಪನಿ ಮುಂಬಯಿಯಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿತು; ಮುಂದೆ ಎತ್ತರದ ಬಾನೆಟ್ಟಿನ ಸಿಜೆ-3ಬಿ ಮಾದರಿ ಇಲ್ಲೇ ತಯಾರಾಗತೊಡಗಿತು. ಕಾಫಿ ಬೆಳೆಗಾರರಿಗೆ ಇದು ಹೇಳಿ ಮಾಡಿಸಿದ ಗಾಡಿ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 80 ಇಂಚು ಮಾತ್ರ; ಹಾಗಾಗಿ ತೋಟದೊಳಗಿನ ಕಡಿದಾದ ತಿರುವಿನಲ್ಲಿ ಹಿಂದೆ ಮುಂದೆ ಮಾಡುವ ತೊಂದರೆ ಕಡಿಮೆ. ಫೋರ್‌ವ್ಹೀಲ್ ಹಾಕಿ ಲೋ ಗೇರಿಗೆ ತಂದರೆ ಕೆಂಪು ಜೇಡಿಯ ಏರನ್ನೂ ನಿಧಾನವಾಗಿ ಹತ್ತುತ್ತದೆ. ಇನ್ನೂ ದೊಡ್ಡ ಅನುಕೂಲ ಬೇರೊಂದಿದೆ. ಅಮೆರಿಕದಲ್ಲಿ 1968ರಲ್ಲಿ ನಿಂತುಹೋದ ಆ ಮಾದರಿಯ ಮೂಲ ವಿನ್ಯಾಸವನ್ನು ಮಹೀಂದ್ರ ದಶಕಗಳ ಕಾಲ ಮುಂದುವರಿಸಿತು; ಎಂಎಂ 540, ಕಮಾಂಡರ್ ಮುಂತಾದವು ಅದೇ ವಂಶದ ಕುಡಿಗಳು. ಆದ್ದರಿಂದಲೇ ಹಲವು ಬಿಡಿಭಾಗಗಳು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಈಗಲೂ ದೊರೆಯುತ್ತವೆ, ಮೂಡಿಗೆರೆ ಕಳಸದಂಥ ಊರುಗಳ ಗ್ಯಾರೇಜಿನಲ್ಲಿ ಅವನ್ನು ಕೂರಿಸಬಲ್ಲ ಕೈಗಳೂ ಇವೆ. ವಿದೇಶಿ ವಿಂಟೇಜ್ ಕಾರಿಗೆ ಸಿಗದ ಭಾಗ್ಯ ಇದು. ಆ ಭಾಗ್ಯ ಉಳಿಯುವುದು ಮಾತ್ರ ಗಾಡಿ ತನ್ನ ಮೂಲ ರೂಪದಲ್ಲಿ ಇರುವವರೆಗೆ. ಚಾಸಿ ಕತ್ತರಿಸಿ, ಆಕ್ಸಲ್ ಬದಲಿಸಿ, ಬಾಡಿ ಹಿಗ್ಗಿಸಿದ ಗಾಡಿ ದಾರಿಯಲ್ಲಿ ಕೆಟ್ಟುನಿಂತರೆ ಊರಿನ ಮೆಕ್ಯಾನಿಕ್ಕಿಗೆ ಅದು ಅಪರಿಚಿತ ಯಂತ್ರ.

ಸರಿಮಾಡಿಸುವ ಕೆಲಸದಲ್ಲಿ ಎಲ್ಲರ ಕಣ್ಣೂ ಮೊದಲು ಬಣ್ಣದ ಮೇಲೆ ಬೀಳುತ್ತದೆ; ಕೊನೆಗೆ ಬರಬೇಕಾದದ್ದು ಅದು. ಮೂಡಿಗೆರೆ ಸೀಮೆಯಲ್ಲಿ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಇಲ್ಲಿ ದುಡಿದ ಜೀಪಿಗೆ ತುಕ್ಕೇ ಮೊದಲ ಶತ್ರು, ಅದೂ ಕಾಣದ ಜಾಗದಲ್ಲಿ. ಯುದ್ಧಕಾಲದ ಜೀಪಿನ ನೆಲದ ತಗಡಿಗೆ ಅಡಿಯಿಂದ ಬಲ ಕೊಡುವ ಕಾಲುವೆಯಾಕಾರದ ಪಟ್ಟಿಗಳೊಳಗೆ ಮರದ ತುಂಡು ಕೂರಿಸಿರುತ್ತಿದ್ದರು. ಆ ಮರ ನೀರು ಹೀರಿಕೊಂಡು ವರ್ಷಗಟ್ಟಲೆ ಒದ್ದೆಯಾಗಿದ್ದು ಒಳಗಿನಿಂದಲೇ ಕಬ್ಬಿಣವನ್ನು ತಿನ್ನುತ್ತದೆ. ಆದ್ದರಿಂದ ಬಾಡಿಯನ್ನು ಚಾಸಿಯಿಂದ ಎತ್ತಿ ನೋಡದೆ ರಿಪೇರಿಯ ಖರ್ಚನ್ನು ಅಂದಾಜು ಮಾಡುವುದು ಕಷ್ಟ. ಚಾಸಿ ಆದಮೇಲೆ ಬ್ರೇಕು, ಸ್ಟಿಯರಿಂಗು, ಸ್ಪ್ರಿಂಗ್ ಪ್ಲೇಟು. ಆಮೇಲೆ ವೈರಿಂಗು, ಎಂಜಿನ್ನು. ಹಳೆಯ ಜೀಪಿನ ನಾಲ್ಕೂ ಚಕ್ರಕ್ಕೆ ಇರುವುದು ಡ್ರಮ್ ಬ್ರೇಕು, ನಾಲ್ಕಕ್ಕೂ ಆಯಿಲ್ ಹೋಗುವುದು ಒಂದೇ ಮಾಸ್ಟರ್ ಸಿಲಿಂಡರಿನಿಂದ. ಎಲ್ಲೋ ಒಂದು ಕಡೆ ಪೈಪು ಸೋರಿದರೂ ನಾಲ್ಕೂ ಚಕ್ರದ ಹಿಡಿತ ಒಟ್ಟಿಗೆ ತಪ್ಪುತ್ತದೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವವರು, ಹೊರನಾಡಿನ ದಾರಿಯ ಇಳುಕಲಿಗೆ ಬರುವವರು ಇದನ್ನು ಮರೆಯುವಂತಿಲ್ಲ. ಯಾವ ಗೇರಿನಲ್ಲಿ ಏರು ಹತ್ತುತ್ತದೋ ಅದೇ ಗೇರಿನಲ್ಲಿ ಇಳಿಯಬೇಕೆಂಬ ಹಳೆಯ ಡ್ರೈವರುಗಳ ಪಾಠಕ್ಕೆ ಇರುವ ಕಾರಣ ಇದೇ: ಎಂಜಿನ್ನೇ ಗಾಡಿಯನ್ನು ಹಿಡಿದಿಟ್ಟುಕೊಂಡರೆ ಡ್ರಮ್ಮು ಕಾಯುವುದಿಲ್ಲ.

ಇನ್ನು ಹೊರೆಯ ಲೆಕ್ಕ. ಅಮೆರಿಕದ ಸೇನೆ ಜೀಪನ್ನು ಕಾಲು ಟನ್ನಿನ ಟ್ರಕ್ಕುಗಳ ವರ್ಗಕ್ಕೆ ಸೇರಿಸಿತ್ತು. ಕಾಲು ಟನ್ನೆಂದರೆ ಸುಮಾರು 225 ಕಿಲೊ. ಮುಂದೆ ಕೂರುವ ಇಬ್ಬರನ್ನು ಬಿಟ್ಟೇ ಲೆಕ್ಕ ಹಾಕೋಣ. 40 ಲೀಟರ್ ನೀರಿಗೆ 40 ಕಿಲೊ, ಹಾಸಿಗೆ ಪಾತ್ರೆಗಳಿಗೆ 30, ಸಣ್ಣ ಗ್ಯಾಸ್ ಸಿಲಿಂಡರು ಮತ್ತು ಒಲೆಗೆ ಹತ್ತು ಹನ್ನೊಂದು, ಜಾಕು, ಟೂಲ್ಸು, ಬಿಡಿಭಾಗಗಳಿಗೆ 25ರ ಮೇಲೆ, ಒಂದು ಕ್ಯಾನು ಡೀಸೆಲ್ಲಿಗೆ 17. ಮನೆಗೆ ಉಳಿಯುವುದು 100 ಕಿಲೊ ಮಾತ್ರ. ಆಂಗಲ್ ಕಬ್ಬಿಣದ ಚೌಕಟ್ಟಿಗೆ ಪ್ಲೈವುಡ್ ಹೊಡೆದು, ಕಿಟಕಿ ಬಾಗಿಲು ಇಟ್ಟು ಕಟ್ಟುವ ಕೋಣೆ ಇದರೊಳಗೆ ಮುಗಿಯುವುದು ದುಸ್ತರ. ಮುಗಿದರೂ ಎತ್ತರದಲ್ಲಿ ಕೂತ ಭಾರ ಕಿರಿದಾದ ಜೀಪನ್ನು ಓರೆ ರಸ್ತೆಯಲ್ಲಿ ವಾಲಿಸುತ್ತದೆ. ಈ ಸಮಸ್ಯೆಗೆ ಬೇರೆ ದೇಶಗಳು ಕಂಡುಕೊಂಡ ಉತ್ತರ ನೋಡುವಂತಿದೆ. 1951ರಲ್ಲಿ ಜರ್ಮನಿಯ ವೆಸ್ಟ್‌ಫಾಲಿಯಾ ಕಂಪನಿ ಫೋಕ್ಸ್‌ವ್ಯಾಗನ್ ವ್ಯಾನಿಗೆಂದು ಪೆಟ್ಟಿಗೆಯಂಥ ಕ್ಯಾಂಪಿಂಗ್ ಸಾಮಗ್ರಿ ತಂದಿತು: ವಾರವಿಡೀ ವ್ಯಾನು ದುಡಿಯಬೇಕು, ರಜೆ ಬಂದಾಗ ಪೆಟ್ಟಿಗೆ ಒಳಸೇರಿ ಅದು ಮನೆಯಾಗಬೇಕು. 1969ರಲ್ಲಿ ಅಮೆರಿಕದಲ್ಲಿ ಸಿಜೆ-5 ಜೀಪಿಗೆಂದು ಕಳಚಿಡಬಹುದಾದ ಕ್ಯಾಂಪರ್ ಮಾರುಕಟ್ಟೆಗೆ ಬಂತು. ಹೊರೆಯೆಲ್ಲ ಜೀಪಿನ ಮೇಲೆ ಬೀಳದಿರಲೆಂದು ಅದಕ್ಕೆ ತನ್ನದೇ ಚಕ್ರಗಳಿದ್ದವು. ನಮ್ಮ ತೋಟಗಳಲ್ಲೂ ಜೀಪಿನ ಹಿಂದೆ ಟ್ರೈಲರ್ ಕಟ್ಟುವ ರೂಢಿ ಇದ್ದೇ ಇದೆ. ಉದ್ದ ಚಾಸಿಯ ಜೀಪಾದರೆ ಎದುರುಬದುರಿನ ಸೀಟುಗಳ ನಡುವೆ ಹಲಗೆ ಇಟ್ಟರೆ ಇಬ್ಬರಿಗೆ ಹಾಸಿಗೆ. ಗಿಡ್ಡ ಜೀಪಾದರೆ ಹಿಂದಿನ ಬಾಗಿಲು ಕೆಳಗಿಳಿಸಿ, ಹಲಗೆಯನ್ನು ಹೊರಚಾಚಿ, ಮೇಲೆ ಟಾರ್ಪಾಲು ಇಳಿಬಿಟ್ಟರೆ ಸಾಕು. ಕೊಯ್ಲು ಶುರುವಾದಾಗ ಹಲಗೆ ತೆಗೆದು ಮೂಟೆ ಹಾಕಿಕೊಳ್ಳಬಹುದು.

ಕಾನೂನೂ ಇದೇ ದಿಕ್ಕಿನಲ್ಲಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್.ಸಿ.ಯಲ್ಲಿ ನಮೂದಾದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಎತ್ತಿಹಿಡಿಯಿತು. ಕಾಯಂ ಮನೆ ಕಟ್ಟಿದ ಗಾಡಿ ಮೋಟಾರು ಕ್ಯಾರವಾನ್ ಎನಿಸಿಕೊಳ್ಳುತ್ತದೆ. ಅದಕ್ಕೆ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡವಿದೆ, ಮನೆಯಂಗಳದ ವೆಲ್ಡಿಂಗಿನಲ್ಲಿ ಅದನ್ನು ಮುಟ್ಟಲಾಗದು. ಬೆಸೆಯದೆ, ಗಾಡಿಯ ಅಳತೆ ಮೀರದೆ, ಸಾಮಾನಿನಂತೆ ಇಟ್ಟು ತೆಗೆಯುವ ಏರ್ಪಾಡಿಗೆ ಈ ತೊಡಕು ಕಡಿಮೆ; ಆದರೂ ಆರ್‌ಟಿಒ ಕಚೇರಿಯಲ್ಲಿ ಮೊದಲೇ ವಿಚಾರಿಸುವುದು ಕ್ಷೇಮ. ಟ್ರೈಲರಿಗೆ ಬೇರೆಯೇ ನೋಂದಣಿ ಬೇಕು. ಎಷ್ಟೋ ಜೀಪುಗಳಿಗೆ ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಎಂಜಿನ್ ಕೂರಿಸಿರುತ್ತಾರೆ; ಅದು ಆರ್.ಸಿ.ಯಲ್ಲಿ ದಾಖಲಾಗಿದೆಯೇ, ಚಾಸಿ ನಂಬರು ತಾಳೆಯಾಗುತ್ತದೆಯೇ ಎಂದು ನೋಡದೆ ದುಡ್ಡು ಕೊಡಬಾರದು. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 2021ರಲ್ಲಿ ಬಂದ ವಿಂಟೇಜ್ ನಿಯಮದಡಿ, 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಗಾಡಿಗೆ ‘ವಿಎ’ ಅಕ್ಷರಗಳ ವಿಶೇಷ ನಂಬರು ಸಿಗುತ್ತದೆ. ಆದರೆ ಅಂಥ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ರಿಪೇರಿಯಂಥ ಕಾರಣಕ್ಕಷ್ಟೇ ರಸ್ತೆಗಿಳಿಸಬಹುದು. ಪ್ರವಾಸ ಮಾಡಬೇಕೆನ್ನುವವರಿಗೆ ಸಾಮಾನ್ಯ ನೋಂದಣಿಯ ನವೀಕರಣವೇ ದಾರಿ. ಬಾಡಿಗೆಗೆ ಬಿಡುವ ಯೋಚನೆ ಇದ್ದರೆ ಬಿಳಿ ಬೋರ್ಡಿನಲ್ಲಿ ಅದು ಸಲ್ಲದು.

ಇಷ್ಟಕ್ಕೆ ಎರಡು ಕಡೆಯಿಂದ ಆಕ್ಷೇಪ ಬರುತ್ತದೆ. ಹಳೆಯ ಗಾಡಿಗಳ ಶುದ್ಧತೆ ಕಾಯುವವರು ಹಲಗೆ, ಟಾರ್ಪಾಲೂ ಬೇಡ, ಕಾರ್ಖಾನೆಯಿಂದ ಬಂದಂತೆಯೇ ಷೆಡ್ಡಿನಲ್ಲಿ ಇರಲಿ ಎನ್ನುತ್ತಾರೆ. ಅವರ ಕಾಳಜಿ ನಿಜವಾದದ್ದು. ಆದರೆ ಓಡದ ಗಾಡಿಯಲ್ಲಿ ಬ್ರೇಕಿನ ರಬ್ಬರು ಒಣಗುತ್ತದೆ, ಸೀಲುಗಳು ಬಿರಿಯುತ್ತವೆ, ಟ್ಯಾಂಕಿನೊಳಗೆ ತುಕ್ಕು ಕೂರುತ್ತದೆ. ಅದಕ್ಕಿಂತ ಮುಖ್ಯವಾಗಿ, ಆ ಗಾಡಿಯನ್ನು ಬಲ್ಲ ಮೆಕ್ಯಾನಿಕ್ಕಿಗೆ ಕೆಲಸ ತಪ್ಪುತ್ತದೆ, ಅವನ ವಿದ್ಯೆ ಮುಂದಿನವರಿಗೆ ಹೋಗುವುದಿಲ್ಲ. ಸೌಕರ್ಯ ಬಯಸುವವರ ಆಕ್ಷೇಪ ಇದಕ್ಕೆ ವಿರುದ್ಧ: ಇಷ್ಟು ಕಷ್ಟಪಡುವ ಬದಲು ಹೊಸ ಕಾರಿನಲ್ಲಿ ಬಂದು ಹೋಂಸ್ಟೇಯಲ್ಲಿ ಮಲಗಬಾರದೇ? ಖಂಡಿತ ಮಲಗಬಹುದು, ಹೆಚ್ಚಿನವರಿಗೆ ಅದೇ ಸರಿ. ಆದರೆ ಗಂಟೆಗೆ 30, 40 ಕಿ.ಮೀ. ವೇಗದಲ್ಲಿ, ಪಕ್ಕ ತೆರೆದ ಗಾಡಿಯಲ್ಲಿ ಹೋಗುವವರಿಗೆ ಮೂಡಿಗೆರೆಯಿಂದ ಕಳಸದವರೆಗಿನ ದಾರಿ ಬೇರೆಯೇ ಆಗಿ ಕಾಣುತ್ತದೆ. ಎಲ್ಲಿ ರೊಬಸ್ಟಾ ಮುಗಿದು ಅರೇಬಿಕಾ ಹೆಚ್ಚುತ್ತದೆ, ಎಲ್ಲಿ ನೆರಳುಮರದ ಜಾತಿ ಬದಲಾಗುತ್ತದೆ, ಎಲ್ಲಿ ತೋಟ ಮುಗಿದು ಹುಲ್ಲುಗಾವಲು ತೆರೆದುಕೊಳ್ಳುತ್ತದೆ ಎಂಬುದು ನಿಧಾನಕ್ಕೆ ಮಾತ್ರ ಸಿಗುವ ತಿಳಿವಳಿಕೆ.

ಹೊಗೆಯ ಆಕ್ಷೇಪ ಇವೆರಡಕ್ಕಿಂತ ಗಟ್ಟಿ. ಹಳೆಯ ಡೀಸೆಲ್ ಜೀಪು ಪ್ರತಿ ಕಿಲೊಮೀಟರಿಗೆ ಹೊಸ ಗಾಡಿಗಿಂತ ಹೆಚ್ಚು ಹೊಗೆ ಉಗುಳುತ್ತದೆ, ಇದನ್ನು ಒಪ್ಪಲೇಬೇಕು. ಹಳೆಯದನ್ನು ಉಳಿಸಿದರೆ ಹೊಸದೊಂದರ ತಯಾರಿಕೆ ತಪ್ಪುತ್ತದೆ ಎನ್ನುವುದು ಅರ್ಧ ಸತ್ಯ, ಏಕೆಂದರೆ ಜೀಪು ಇಟ್ಟುಕೊಂಡವರ ಮನೆಯಲ್ಲಿ ಕಾರೂ ಇರುತ್ತದೆ. ಸರಿಯಾದ ಉತ್ತರ ಓಡಾಟದ ಮಿತಿಯಲ್ಲಿದೆ. ಚಿಕ್ಕಮಗಳೂರಿನಿಂದ ಕಳಸಕ್ಕೆ 90 ಕಿ.ಮೀ. ಆಸುಪಾಸು, ಅದನ್ನು ಮೂರು ನಾಲ್ಕು ದಿನಕ್ಕೆ ಹಂಚಿದರೆ ದಿನಕ್ಕೆ ಸುಡುವ ಡೀಸೆಲ್ ಕೆಲವೇ ಲೀಟರು. ಇಂಜೆಕ್ಟರ್, ಪಂಪು ಸರಿಮಾಡಿಸಿ, ಎಮಿಷನ್ ಟೆಸ್ಟನ್ನು ಪ್ರಾಮಾಣಿಕವಾಗಿ ಪಾಸು ಮಾಡಿಸಿದ ಗಾಡಿಗೆ ಅಷ್ಟು ಹಕ್ಕು ಉಂಟು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ದಿನವೂ ಓಡಿಸುವ ಷೋಕಿಗೆ ಈ ಸಮರ್ಥನೆ ಸಲ್ಲದು.

ಬೆಟ್ಟದ ಪರವಾಗಿ ಬರುವ ಆಕ್ಷೇಪ ಎಲ್ಲಕ್ಕಿಂತ ದೊಡ್ಡದು. ಮುಳ್ಳಯ್ಯನಗಿರಿ ಸಾಲಿನಲ್ಲಿ ಪ್ರವಾಸಿ ಗಾಡಿಗಳು ಎಷ್ಟು ಹೆಚ್ಚಿದವೆಂದರೆ ಜಿಲ್ಲಾಡಳಿತ ಮುಂಗಡ ನೋಂದಣಿ ತಂದು ಸಂಖ್ಯೆಗೆ ಮಿತಿ ಹಾಕಬೇಕಾಯಿತು. 2019ರ ಆಗಸ್ಟ್ ಮಳೆಗೆ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡಗಳೇ ಜಾರಿದವು, ಚಾರ್ಮಾಡಿ ರಸ್ತೆ ಕುಸಿಯಿತು. ಇಂಥ ನೆಲಕ್ಕೆ ಫೋರ್‌ವ್ಹೀಲ್ ಗಾಡಿಗಳನ್ನು ಇನ್ನಷ್ಟು ತಂದು ಬಿಡುವುದೇ? ಹುಲ್ಲುಗಾವಲಿಗೆ, ಹಳ್ಳಕ್ಕೆ ಜೀಪು ಇಳಿಸುವುದನ್ನು ಸಾಹಸವೆಂದು ತಿಳಿದವರಿಗೆ ಇಲ್ಲಿ ಜಾಗವಿಲ್ಲ ಎಂಬುದೇ ಉತ್ತರ. ಒಮ್ಮೆ ಟೈರು ಕೊರೆದ ಗೆರೆಯಲ್ಲಿ ಮಳೆನೀರು ಹರಿದು ಅದೇ ಕೊರಕಲಾಗುತ್ತದೆ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ರಸ್ತೆಬದಿಯಲ್ಲಿ ತಂಗುವಂತಿಲ್ಲ. ಮೂಡಿಗೆರೆ, ಆಲ್ದೂರು ಸುತ್ತಿನ ತೋಟಗಳಲ್ಲಿ ಕಾಡಾನೆಗಳ ಓಡಾಟವಿದೆ. ಟಾರ್ಪಾಲಿನ ಗೋಡೆಯೊಳಗೆ ರಸ್ತೆಬದಿ ಮಲಗುವುದು ಜೀವಕ್ಕೇ ಅಪಾಯ. ಹಾಗಾದರೆ ಎಲ್ಲಿ ತಂಗಬೇಕು? ನೋಂದಾಯಿತ ಹೋಂಸ್ಟೇಗಳ, ತೋಟದ ಮನೆಗಳ ಅಂಗಳದಲ್ಲಿ. ಕೊಯ್ಲಿಲ್ಲದ ದಿನಗಳಲ್ಲಿ ಕಾಫಿ ಒಣಗಿಸುವ ಕಣ ಖಾಲಿಯೇ ಇರುತ್ತದೆ. ಸಮತಟ್ಟಾದ, ನೀರು ನಿಲ್ಲದ, ಮನೆಯ ಬೆಳಕು ಕಾಣುವ ಜಾಗ. ಶೌಚಾಲಯಕ್ಕೂ ನೀರಿಗೂ ಅಡಚಣೆಯಿಲ್ಲ, ಕಸ ಕಾಡಿಗೆ ಬೀಳುವುದಿಲ್ಲ, ಬೆಳೆಗಾರರಿಗೆ ನಾಲ್ಕು ಕಾಸು ಸಿಗುತ್ತದೆ. ಕೇರಳ ಸರ್ಕಾರ 2021ರಲ್ಲಿ ತಂದ ಕ್ಯಾರವಾನ್ ನೀತಿಯಲ್ಲೂ ಗಾಡಿಗಳು ತಂಗಲು ಗೊತ್ತಾದ ಪಾರ್ಕುಗಳಿರಬೇಕೆಂಬ ತತ್ವವಿದೆ. ನಮ್ಮ ಬೆಟ್ಟಗಳಿಗೆ ದೊಡ್ಡ ಪಾರ್ಕುಗಳೂ ಬೇಕಿಲ್ಲ. ಇರುವ ಅಂಗಳಗಳೇ ಸಾಕು. ಗಾಡಿ ಹಗುರಾಗಿದ್ದಷ್ಟೂ ಅಂಗಳದ ಮಾಲೀಕರಿಗೆ ಒಪ್ಪಿಕೊಳ್ಳುವುದು ಸುಲಭ.

ಕಾಲವನ್ನೂ ನೋಡಿಕೊಳ್ಳಬೇಕು. ಜೂನಿನಿಂದ ಸೆಪ್ಟೆಂಬರಿನವರೆಗೆ ಈ ಪ್ರಯಾಣ ಬೇಡ. ಮಳೆಗಾಲದ ಘಟ್ಟ ಊರಿನವರ ಅಗತ್ಯದ ಓಡಾಟಕ್ಕೆ ಬಿಟ್ಟಿರಲಿ. ಅಕ್ಟೋಬರ್ ಕಳೆದ ಮೇಲೆ ರಸ್ತೆ ಒಣಗುತ್ತದೆ, ಆದರೆ ನವೆಂಬರಿನಿಂದ ಅರೇಬಿಕಾ ಕೊಯ್ಲು, ಅದರ ಬೆನ್ನಿಗೇ ರೊಬಸ್ಟಾ. ಆಗ ಕಣಕ್ಕೂ ಜೀಪಿಗೂ ಬಿಡುವಿಲ್ಲ. ಹೂಮಳೆ ಬಿದ್ದು ತೋಟ ಅರಳುವ ಮಾರ್ಚ್, ಏಪ್ರಿಲ್ ಒಳ್ಳೆಯ ಸಮಯ. ಯಾವ ತಿಂಗಳಾದರೂ ಒಲೆಯನ್ನು ಗಾಡಿಯ ಹೊರಗೇ ಹಚ್ಚಬೇಕು, ಎಂಜಿನ್ ಓಡುತ್ತಿರುವಾಗ ಒಳಗೆ ಮಲಗಬಾರದು. ಮುಚ್ಚಿದ ಟಾರ್ಪಾಲಿನೊಳಗೆ ತುಂಬುವ ವಿಷಾನಿಲಕ್ಕೆ ವಾಸನೆಯಿಲ್ಲ.

ಹಳೆಯ ಜೀಪನ್ನು ಉಳಿಸುವುದೆಂದರೆ ಒಂದು ಯಂತ್ರವನ್ನಷ್ಟೇ ಉಳಿಸುವುದಲ್ಲ. ಅದರ ಜೊತೆಗೆ ಬೆಳೆದ ಕೈಕಸುಬು, ತೋಟದ ದುಡಿಮೆಯ ಕ್ರಮ, ಘಟ್ಟದಲ್ಲಿ ಗಾಡಿ ಓಡಿಸುವ ವಿವೇಕ ಇವೂ ಉಳಿಯಬೇಕು. ಪ್ರವಾಸಿಯ ಆಸೆಗಾಗಿ ಜೀಪು ತನ್ನ ದುಡಿಮೆಯನ್ನು ಬಿಟ್ಟುಕೊಡಬೇಕಾಗಿ ಬಂದರೆ ಆ ಪ್ರವಾಸ ಬೆಟ್ಟಕ್ಕೆ ಭಾರ. ದುಡಿಮೆಯ ನಡುವೆ ಬಿಡುವಿದ್ದಾಗ ಮನೆಯನ್ನು ಹೊತ್ತು, ಕೆಲಸ ಕರೆದಾಗ ಅದನ್ನು ಕೆಳಗಿಳಿಸುವ ಜೀಪು ಮಾತ್ರ ಮುಂದಿನ ಐವತ್ತು ವರ್ಷವೂ ಇಲ್ಲಿ ಓಡೀತು. ಕೊಳ್ಳುವವರು ವೆಲ್ಡಿಂಗ್ ಮೆಷಿನ್ನಿನ ಮುಂದೆ ನಿಲ್ಲುವ ಮೊದಲು ಇದನ್ನು ಯೋಚಿಸಬೇಕು. ಪ್ರವಾಸೋದ್ಯಮ ಇಲಾಖೆ, ಹೋಂಸ್ಟೇ ಮಾಲೀಕರು ಅಂಗಳದ ತಂಗುವಿಕೆಗೆ ಸರಳ ನಿಯಮ, ನ್ಯಾಯವಾದ ದರ ಗೊತ್ತುಮಾಡಬೇಕು. ಈ ಎರಡು ಕೆಲಸವಾದರೆ ಕಾಫಿ ಬೆಟ್ಟದ ಹಳೆಯ ಜೀಪಿಗೆ ಗೌರವದ ಮುಪ್ಪು ಸಿಗುತ್ತದೆ.